ತಲಪಾಡಿಯ ಎರಡೂ ಕಡೆಗೆ ಒಂದೇ ಬಳಗ ಬೇಕು



ರೋಗಿಯ ಜೊತೆ ಆಸ್ಪತ್ರೆಯಲ್ಲಿ ರಾತ್ರಿ ಕಳೆದವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಗ್ಲೂಕೋಸ್ ಬಾಟಲಿಯನ್ನೇ ನೋಡುತ್ತಾ ಕುಳಿತಿರಬೇಕು. ನಡುರಾತ್ರಿ ದಾಟಿದ ಮೇಲೆ ಕಣ್ಣು ಎಳೆಯುತ್ತದೆ. ಗಾಬರಿಯಿಂದ ಎದ್ದು ನೋಡಿದರೆ ಬಾಟಲಿ ಖಾಲಿಯಾಗಿದೆ, ನಳಿಗೆಯಲ್ಲಿ ರಕ್ತ ಸ್ವಲ್ಪ ಮೇಲೆ ಬಂದಿದೆ. "ಸಿಸ್ಟರ್, ಬಾಟಲಿ ಮುಗಿಯಿತು" ಎಂದು ಓಡುತ್ತೇವೆ. ಆಗ ಸಿಸ್ಟರ್ ಮತ್ತೊಂದು ಮಂಚದ ಬಳಿ ಬೇರೆಯವರಿಗೆ ಸೂಜಿ ಚುಚ್ಚುತ್ತಿರುತ್ತಾರೆ.

ನಮ್ಮ ಪಕ್ಕದ ವಾಳೆಯಲ್ಲಿ ಅಕ್ಕ ತಮ್ಮ ಇಬ್ಬರಿದ್ದಾರೆ. ಅಕ್ಕ ನರ್ಸ್, ತಮ್ಮ ಮಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು. ಅಕ್ಕ ಹೇಳಿದ ಈ ಕಷ್ಟವನ್ನು ಕೇಳಿ ತಮ್ಮ ಒಂದು ಸಣ್ಣ ಪೆಟ್ಟಿಗೆ ಮಾಡಿದ. ಬಾಟಲಿಯನ್ನು ಅದಕ್ಕೆ ತೂಗುಹಾಕಿದರೆ ಅದು ತೂಕ ನೋಡುತ್ತದೆ. ಬಾಟಲಿ ಮುಗಿಯುವುದಕ್ಕೆ ಸ್ವಲ್ಪ ಮೊದಲೇ ದೀಪ ಹೊತ್ತಿ ಸದ್ದು ಮಾಡುತ್ತದೆ. ಸಾಮಾನಿಗೆ ಖರ್ಚಾದದ್ದು ಎರಡು ಸಾವಿರ ರೂಪಾಯಿಯೊಳಗೆ. ಕಾಲೇಜಿನ ಸ್ಪರ್ಧೆಯಲ್ಲಿ ಬಹುಮಾನ ಬಂತು. ನಾವು ಊರಿನವರು ವಾಟ್ಸ್‌ಆ್ಯಪ್‌ನಲ್ಲಿ ಚಪ್ಪಾಳೆಯ ಚಿತ್ರ ಕಳಿಸಿದೆವು. ನಮ್ಮ ಸಹಾಯ ಅಲ್ಲಿಗೆ ಮುಗಿಯಿತು.

ಆಮೇಲೆ ಏನಾಯಿತು ಎಂಬುದನ್ನು ಅವನೇ ನನಗೆ ಹೇಳಿದ್ದಾನೆ. ಒಂದು ಆಸ್ಪತ್ರೆಯವರು, ಪರವಾನಗಿ ಇಲ್ಲದ ಯಂತ್ರವನ್ನು ವಾರ್ಡಿಗೆ ತರುವಂತಿಲ್ಲ ಎಂದರು. ಪರವಾನಗಿಗೆ ಹೋದರೆ ಪರೀಕ್ಷೆಯ ವರದಿ ಎಲ್ಲಿ ಎಂದು ಕೇಳಿದರು. ಪರೀಕ್ಷೆ ಮಾಡಬೇಕಾದರೆ ಆಸ್ಪತ್ರೆಯ ಒಪ್ಪಿಗೆ ಬೇಕು. ಸಹಾಯಧನ ಕೇಳಲು ಒಂದು ಕಡೆ ಹೋದರೆ, ನಿನ್ನ ವಿಳಾಸ ಕೇರಳದ್ದು ಎಂದರು. ಇನ್ನೊಂದು ಕಡೆ ಹೋದರೆ, ನಿನ್ನ ಕೆಲಸವೆಲ್ಲ ಕರ್ನಾಟಕದಲ್ಲಿದೆಯಲ್ಲ ಎಂದರು. ಒಂದೂವರೆ ವರ್ಷ ಅಲೆದು, ಕೊನೆಗೆ ಅವನು ದೋಹಾಕ್ಕೆ ವಿಮಾನ ಹತ್ತಿದ. ಪೆಟ್ಟಿಗೆ ಅವನ ಅಮ್ಮನ ಕಪಾಟಿನಲ್ಲಿದೆ.

ಇದರಲ್ಲಿ ಯಾರದು ತಪ್ಪು ಎಂದು ನಾನು ತುಂಬಾ ಯೋಚಿಸಿದ್ದೇನೆ. ಆಸ್ಪತ್ರೆಯವರು ಹೇಳಿದ್ದು ಸರಿ. ಪರೀಕ್ಷೆಯಾಗದ ಯಂತ್ರವನ್ನು ನನ್ನ ಅಮ್ಮನ ಮಂಚಕ್ಕೆ ಕಟ್ಟಿದರೆ ನಾನೂ ಒಪ್ಪುವುದಿಲ್ಲ. ಕಚೇರಿಯವರು ತಮ್ಮ ನಿಯಮ ಹೇಳಿದರು. ಹುಡುಗನೂ ಸೋಮಾರಿಯಲ್ಲ. ಇಲ್ಲದಿದ್ದದ್ದು ಒಂದೇ: ಅವನ ಜೊತೆ ನಡೆದು, "ಮೊದಲು ಇಲ್ಲಿ ಹೋಗು, ಇವರನ್ನು ಕೇಳು, ಇದನ್ನು ಈಗ ಮಾಡಬೇಡ" ಎಂದು ಹೇಳುವ ನಾಲ್ಕು ಜನ. ಆ ನಾಲ್ಕು ಜನರ ಬಗ್ಗೆಯೇ ಇವತ್ತು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು. ಆರೋಗ್ಯ ಮತ್ತು ತಂತ್ರಜ್ಞಾನದ ಸ್ಟಾರ್ಟ್‌ಅಪ್ ಕಟ್ಟಲು ಹೊರಡುವ ನಮ್ಮ ಯುವಕ ಯುವತಿಯರಿಗೆ ಮಂಗಳೂರಿನಿಂದ ಕಾಸರಗೋಡಿನವರೆಗೆ ಒಂದೇ ಬೆಂಬಲದ ಬಳಗ ಬೇಕು. ಅದು ಗಡಿಯ ಎರಡೂ ಕಡೆ ಕಾಲಿಟ್ಟು ನಿಲ್ಲಬೇಕು. ಹಣಕ್ಕಿಂತ ಮೊದಲು ಜನರ ಸಮಯದಿಂದ ಅದನ್ನು ಕಟ್ಟಬೇಕು. ಅದನ್ನು ಶುರು ಮಾಡಲು ನಮ್ಮಂಥ ಧರ್ಮಕೇಂದ್ರದ ಯುವಜನರಿಗೆ ಸಾಧ್ಯ.

ಕಾಯಿಲೆಗೆ ಗಡಿ ಇಲ್ಲ, ಕಾಗದಕ್ಕೆ ಇದೆ

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ರೇಶನ್ ಕಾರ್ಡು, ವೋಟು, ಸರಕಾರಿ ಅರ್ಜಿ ಎಲ್ಲವೂ ತಿರುವನಂತಪುರದ ಕಡೆಗೆ. ಆದರೆ ಎದೆನೋವು ಬಂದರೆ ನಾವು ಓಡುವುದು ಮಂಗಳೂರಿಗೆ. ಮಕ್ಕಳನ್ನು ಕಾಲೇಜಿಗೆ ಕಳಿಸುವುದೂ ಮಂಗಳೂರಿಗೆ. ಮಂಜೇಶ್ವರದಿಂದ ಮಂಗಳೂರು 20 ಕಿಲೋಮೀಟರ್ ಆಸುಪಾಸು, ತಿರುವನಂತಪುರ ಸುಮಾರು 600 ಕಿಲೋಮೀಟರ್. ನಮ್ಮ ಕಥೋಲಿಕ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಇವೆ. ರಾಜ್ಯ ಬೇರೆಯಾದರೂ ಧರ್ಮಪ್ರಾಂತ್ಯ ತಲಪಾಡಿಯನ್ನು ದಾಟಿ ಬಂದಿದೆ.

ಈ ಗಡಿ ಎಷ್ಟು ಗಟ್ಟಿ ಎಂಬುದು ನಮಗೆ ಗೊತ್ತಾದದ್ದು 2020ರ ಮಾರ್ಚ್ ಕೊನೆಯ ವಾರದಲ್ಲಿ. ಕೊರೊನಾ ಎಂದು ಕರ್ನಾಟಕ ಗಡಿ ಮುಚ್ಚಿತು. ಹಲವು ರಸ್ತೆಗಳಿಗೆ ಮಣ್ಣು ಸುರಿದರು. ತಲಪಾಡಿಯಲ್ಲಿ ರೋಗಿಗಳಿದ್ದ ಆಂಬುಲೆನ್ಸ್‌ಗಳು ಹಿಂದೆ ತಿರುಗಿದವು. ಚಿಕಿತ್ಸೆ ಸಿಗದೆ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಒಂದರ ಹಿಂದೆ ಒಂದು ಬಂತು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ದೊಡ್ಡಮ್ಮನಿಗೆ ಆಗ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ಆಗುತ್ತಿತ್ತು. ಮನೆಯಲ್ಲಿ ಎಲ್ಲರೂ ಫೋನ್ ಹಿಡಿದು ಯಾರು ಯಾರನ್ನೋ ಕೇಳುತ್ತಿದ್ದೆವು. ಕೊನೆಗೆ ದಕ್ಷಿಣದ ಕಡೆ ಒಂದು ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು, ದೊಡ್ಡಮ್ಮ ಉಳಿದರು. ಅದನ್ನು ಹುಡುಕಿಕೊಟ್ಟದ್ದು ಯಾವ ಆ್ಯಪ್ ಕೂಡ ಅಲ್ಲ. ನಮ್ಮ ಇಗರ್ಜಿಯ ಒಬ್ಬ ನರ್ಸ್ ಅಕ್ಕನ ಹಳೆಯ ಸಹೋದ್ಯೋಗಿ.

ಆ ದಿನ ನನಗೆ ಎರಡು ವಿಷಯ ಅರ್ಥವಾಯಿತು. ಒಂದು, ನಮ್ಮ ಪಾಲಿಗೆ ಆರೋಗ್ಯ ಎಂದರೆ ಗಡಿಯ ವಿಷಯವೂ ಹೌದು. ಎರಡು, ನಮ್ಮಲ್ಲಿ ಬಳಗ ಈಗಾಗಲೇ ಇದೆ, ಅದು ಚದುರಿಹೋಗಿದೆ ಅಷ್ಟೆ. ಕಷ್ಟ ಬಂದಾಗ ಮಾತ್ರ ಫೋನ್ ನಂಬರ್ ಹುಡುಕುತ್ತೇವೆ.

ಹಣ ಇದೆ, ದಾರಿ ತೋರಿಸುವವರು ಇಲ್ಲ

"ಸ್ಟಾರ್ಟ್‌ಅಪ್ ಅಂದರೆ ದುಡ್ಡಿದ್ದವರ ಆಟ" ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಅದು ಅರ್ಧ ಮಾತ್ರ ನಿಜ. 2016ರ ಜನವರಿಯಲ್ಲಿ ಸ್ಟಾರ್ಟ್‌ಅಪ್ ಇಂಡಿಯಾ ಶುರುವಾದ ಮೇಲೆ ಸರಕಾರದ ಕಡೆಯಿಂದ ಹಲವು ಬಾಗಿಲು ತೆರೆದಿವೆ. ಕೇಂದ್ರ ಸರಕಾರದ ಬೈರಾಕ್ ಎಂಬ ಸಂಸ್ಥೆ ಆರೋಗ್ಯ ಮತ್ತು ಜೈವಿಕ ತಂತ್ರಜ್ಞಾನದ ಹೊಸ ಆಲೋಚನೆಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. 2021ರಲ್ಲಿ ಬಂದ ಬೀಜನಿಧಿ ಯೋಜನೆಯಲ್ಲಿ 20 ಲಕ್ಷದವರೆಗೆ ಅನುದಾನ ಕೊಡುವ ಅವಕಾಶ ಮಾಡಿದ್ದರು. ಕೇರಳದಲ್ಲಿ ಕೇರಳ ಸ್ಟಾರ್ಟ್‌ಅಪ್ ಮಿಷನ್ ಇದೆ. ಕರ್ನಾಟಕದಲ್ಲಿ ಬೆಂಗಳೂರಿನ ಹೊರಗೂ ಉದ್ಯಮ ಬೆಳೆಯಲಿ ಎಂಬ "ಬಿಯಾಂಡ್ ಬೆಂಗಳೂರು" ಯೋಜನೆಯಲ್ಲಿ ಮಂಗಳೂರಿಗೂ ಸ್ಥಾನ ಇದೆ. ಕಾಸರಗೋಡಿನಲ್ಲೇ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಿಪಿಸಿಆರ್‌ಐ ಇಂದು ತೆಂಗಿನ ಉತ್ಪನ್ನ ಮಾಡುವ ಸಣ್ಣ ಉದ್ಯಮಿಗಳಿಗೆ ತರಬೇತಿ ಕೊಡುತ್ತಿದೆ.

ಹಾಗಾದರೆ ತೊಡಕು ಎಲ್ಲಿ? ಇಂಥ ಅರ್ಜಿಗಳು ಕೇಳುವುದನ್ನು ನೋಡಿ. ನಿಮ್ಮ ಜೊತೆ ವೈದ್ಯರು ಯಾರಿದ್ದಾರೆ? ಇದನ್ನು ಎಲ್ಲಿ ಪರೀಕ್ಷಿಸುತ್ತೀರಿ? ಯಾರು ಕೊಳ್ಳುತ್ತಾರೆ? ಲೆಕ್ಕ ನೋಡುವವರು ಯಾರು? ಇವು ನಾಲ್ಕೂ ಜನರ ಬಗ್ಗೆ ಕೇಳುವ ಪ್ರಶ್ನೆಗಳು. ಬೆಂಗಳೂರಿನಲ್ಲಿ ಒಂದು ಕಾಫಿಗೆ ಕರೆದರೆ ಸಿಗುವ ಉತ್ತರ ಪೈವಳಿಕೆಯ ಹುಡುಗಿಗೆ ಎಲ್ಲಿಂದ ಸಿಗಬೇಕು?

ಕಾನೂನನ್ನೂ ಸ್ವಲ್ಪ ತಿಳಿಯೋಣ, ಏಕೆಂದರೆ ಇಲ್ಲಿಯೇ ಹೆಚ್ಚಿನವರು ಎಡವುವುದು. 2017ರ ವೈದ್ಯಕೀಯ ಉಪಕರಣ ನಿಯಮಗಳು 2018ರ ಜನವರಿಯಿಂದ ಜಾರಿಗೆ ಬಂದವು. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣಗಳನ್ನೂ ಕಾನೂನಿನ ವ್ಯಾಪ್ತಿಗೆ ತಂದರು. ರೋಗ ಪತ್ತೆಗೆ ಅಥವಾ ಚಿಕಿತ್ಸೆಗೆ ಬಳಸುವ ಸಾಫ್ಟ್‌ವೇರ್ ಕೂಡ ಇದರಲ್ಲಿ ಬರುತ್ತದೆ. ಅಪಾಯ ಎಷ್ಟು ಎಂಬುದನ್ನು ನೋಡಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದ್ದಾರೆ. ಕಡಿಮೆ ಅಪಾಯದ ಎ ಮತ್ತು ಬಿ ವರ್ಗದ ಉಪಕರಣ ತಯಾರಿಸಲು ಪರವಾನಗಿ ಕೊಡುವುದು ರಾಜ್ಯದ ಅಧಿಕಾರಿಗಳು. ಸಿ ಮತ್ತು ಡಿ ಆದರೆ ಕೇಂದ್ರದವರು.

ಈಗ ನೋಡಿ, ತಲಪಾಡಿ ಇಲ್ಲಿಯೂ ಬಂತು. ಮಂಜೇಶ್ವರದಲ್ಲಿ ಕೊಠಡಿ ಹಿಡಿದು ತಯಾರಿಸಿದರೆ ಕೇರಳದ ಪರವಾನಗಿ, ಉಳ್ಳಾಲದಲ್ಲಿ ತಯಾರಿಸಿದರೆ ಕರ್ನಾಟಕದ್ದು. ನಡುವೆ ಇರುವುದು ಕೆಲವೇ ಕಿಲೋಮೀಟರ್. ಯಾವ ಕಡೆ ಕಂಪನಿ ನೋಂದಾಯಿಸಬೇಕು, ಯಾವ ಕಡೆ ತಯಾರಿಸಬೇಕು, ಯಾವ ಆಸ್ಪತ್ರೆಯಲ್ಲಿ ಪರೀಕ್ಷಿಸಬೇಕು ಎಂಬುದನ್ನು ಮೊದಲ ತಿಂಗಳಲ್ಲೇ ತೀರ್ಮಾನಿಸಿದರೆ ಒಂದು ವರ್ಷ ಉಳಿಯುತ್ತದೆ. ಇದನ್ನು ಹೇಳಿಕೊಡಲು ಒಬ್ಬ ಅನುಭವಿ ಸಿಎ ಮತ್ತು ಒಬ್ಬ ವಕೀಲರು ಸಾಕು. ಅಂಥವರು ನಮ್ಮ ಇಗರ್ಜಿಗಳಲ್ಲಿ ಇದ್ದಾರೆ. ಭಾನುವಾರ ನಮ್ಮ ಪಕ್ಕದ ಬೆಂಚಿನಲ್ಲೇ ಕುಳಿತಿರುತ್ತಾರೆ. ನಾವು ಕೇಳಿಲ್ಲ, ಅವರು ಹೇಳಿಲ್ಲ.

ಇದು ಹೊಸ ದಾರಿಯಲ್ಲ

ಗಡಿ ದಾಟಿದ ಬಳಗ ಕಟ್ಟುವುದು ಆಗದ ಮಾತು ಎನ್ನುವವರಿಗೆ ನಾನು ಅಡಿಕೆಯ ಉದಾಹರಣೆ ಕೊಡುತ್ತೇನೆ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದು ನಮ್ಮ ತೋಟದವರು ಕಂಗಾಲಾಗಿದ್ದರು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಅದು ಕರ್ನಾಟಕದ್ದೂ ಹೌದು, ಕೇರಳದ್ದೂ ಹೌದು. ಎರಡು ರಾಜ್ಯಗಳ ಬೆಳೆಗಾರರು ಒಂದೇ ಸಹಕಾರಿಯ ಸದಸ್ಯರು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೂ ಶುರುವಾಯಿತು. ಅಡಿಕೆಗೆ ಆದದ್ದು ಆರೋಗ್ಯದ ಕೆಲಸಕ್ಕೆ ಏಕೆ ಆಗಬಾರದು?

ಹಣಕ್ಕಿಂತ ಸಮಯ ಮುಖ್ಯ ಎನ್ನುವುದಕ್ಕೂ ಕೇರಳದಲ್ಲೇ ಸಾಕ್ಷಿ ಇದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದ ಉಪಶಾಮಕ ಆರೈಕೆಯ ಕೆಲಸ ಮುಂದೆ ಮಲಪ್ಪುರದ ಕಡೆ ನೆರೆಹೊರೆಯವರ ಜಾಲವಾಗಿ ಬೆಳೆಯಿತು. ಶಾಲೆಯ ಮೇಷ್ಟ್ರು, ಅಂಗಡಿಯವರು, ಆಟೋ ಓಡಿಸುವವರು, ವಿದ್ಯಾರ್ಥಿಗಳು ವಾರಕ್ಕೆ ಒಂದೆರಡು ಗಂಟೆ ಕೊಟ್ಟರು. ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋದರು. ದೊಡ್ಡ ಕಟ್ಟಡ ಮೊದಲು ಬರಲಿಲ್ಲ. 2008ರಲ್ಲಿ ಸರಕಾರವೇ ಇದಕ್ಕಾಗಿ ನೀತಿ ರೂಪಿಸಿತು. ಜನರು ಮೊದಲು, ಸರಕಾರ ಆಮೇಲೆ.

ಇಷ್ಟು ದೂರ ಹೋಗುವುದೂ ಬೇಡ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ವೈದ್ಯರನ್ನೂ ತಜ್ಞರನ್ನೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸೇರಿಸಿದರು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿದರು. ಅಲ್ಲಿ ತೆಗೆದ ಇಸಿಜಿಯ ಚಿತ್ರ ಗುಂಪಿಗೆ ಬಂದರೆ ತಜ್ಞರು ಓದಿ ಏನು ಮಾಡಬೇಕು ಎಂದು ತಿಳಿಸುತ್ತಾರೆ. ಇದರಲ್ಲಿ ಹೊಸದಾಗಿ ಕಂಡುಹಿಡಿದ ಯಂತ್ರ ಯಾವುದೂ ಇಲ್ಲ. ಎಲ್ಲರ ಕೈಯಲ್ಲಿರುವ ಫೋನನ್ನೇ ಸರಿಯಾದ ಜನರ ನಡುವೆ ಇಟ್ಟದ್ದು.

ಯುವಕರ ಕಂಪನಿಯ ಉದಾಹರಣೆ ಬೇಕಾದರೆ ಜೆನ್‌ರೊಬೋಟಿಕ್ಸ್ ನೋಡಿ. ಕುಟ್ಟಿಪ್ಪುರಂನ ಎಂಜಿನಿಯರಿಂಗ್ ಕಾಲೇಜಿನ ಗೆಳೆಯರು ಕಟ್ಟಿದ ಕಂಪನಿ. ಮನುಷ್ಯರು ಮ್ಯಾನ್‌ಹೋಲಿಗೆ ಇಳಿಯುವುದು ನಿಲ್ಲಲಿ ಎಂದು "ಬ್ಯಾಂಡಿಕೂಟ್" ಎಂಬ ರೋಬೊ ಮಾಡಿದರು. ಕೇರಳ ಸ್ಟಾರ್ಟ್‌ಅಪ್ ಮಿಷನ್ ಬೆನ್ನಿಗೆ ನಿಂತಿತು, ಕೇರಳ ಜಲ ಪ್ರಾಧಿಕಾರ ಅದನ್ನು ಬಳಸಲು ಮುಂದೆ ಬಂತು. 2018ರಲ್ಲಿ ತಿರುವನಂತಪುರದಲ್ಲಿ ಅದು ಕೆಲಸಕ್ಕೆ ಇಳಿಯಿತು. ಅದೇ ಗೆಳೆಯರು ಆಮೇಲೆ ಪಾರ್ಶ್ವವಾಯು ಬಡಿದವರಿಗೆ ಮತ್ತೆ ನಡೆಯಲು ಕಲಿಸುವ ರೋಬೊ ಕೂಡ ಮಾಡಿದರು. ಮೊದಲು ಕೊಂಡು ಬಳಸುವವರು ಸಿಕ್ಕಿದ್ದರಿಂದ ಅವರು ಉಳಿದರು. ನಮ್ಮ ಹುಡುಗನಿಗೆ ಚಪ್ಪಾಳೆ ಸಿಕ್ಕಿತು, ಬಳಸುವವರು ಸಿಗಲಿಲ್ಲ.

ತಾಳ್ಮೆಯ ಪಾಠವೂ ಬೇಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ತಂಡ ಭಾರತದ್ದೇ ಕೃತಕ ಹೃದಯ ಕವಾಟ ಮಾಡಲು ಹೊರಟಿತು. ಮೊದಲ ಮಾದರಿಗಳು ಸೋತವು. ಹತ್ತು ವರ್ಷಕ್ಕೂ ಹೆಚ್ಚು ದುಡಿದ ಮೇಲೆ 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಜೋಡಿಸಿದರು. ಅದೇ ವಲಿಯತ್ತಾನ್ ಮುಂದೆ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಜ್ಞಾನ ಗಡಿ ದಾಟಲು ಯಾರನ್ನೂ ಕೇಳುವುದಿಲ್ಲ.

ನಮ್ಮ ಕಡೆಯ ಹಿರಿಯರೂ ಸಣ್ಣದರಿಂದಲೇ ಶುರು ಮಾಡಿದವರು. 1880ರಲ್ಲಿ ಫಾದರ್ ಮುಲ್ಲರ್ ಅವರು ಕಂಕನಾಡಿಯ ಆಲದ ಮರದ ಕೆಳಗೆ ಹೋಮಿಯೋಪತಿ ಔಷಧ ಕೊಡಲು ಕುಳಿತರು. ಇವತ್ತು ಅಲ್ಲಿ ವೈದ್ಯಕೀಯ ಕಾಲೇಜಿದೆ. ಮೊದಲು ಇದ್ದದ್ದು ಔಷಧದ ಪೆಟ್ಟಿಗೆ ಮತ್ತು ಕೂರಲು ನೆರಳು ಮಾತ್ರ.

ನಾವು ಏನು ಮಾಡಬಹುದು?

ಮೊದಲ ಕೆಲಸ ಒಂದು ಪಟ್ಟಿ. ಪ್ರತಿ ಧರ್ಮಕೇಂದ್ರದಲ್ಲಿ ವಾಳೆಯ ಗುರಿಕಾರರನ್ನು ಕೇಳಿದರೆ ಒಂದು ತಿಂಗಳಲ್ಲಿ ಮುಗಿಯುತ್ತದೆ. ನರ್ಸ್‌ಗಳು, ವೈದ್ಯರು, ಲ್ಯಾಬ್ ಟೆಕ್ನೀಷಿಯನ್‌ಗಳು, ಫಾರ್ಮಸಿಯವರು, ಸಾಫ್ಟ್‌ವೇರಿನವರು, ಸಿಎಗಳು, ವಕೀಲರು, ವೆಲ್ಡಿಂಗ್ ಮತ್ತು ಎಲೆಕ್ಟ್ರಿಕಲ್ ಕೆಲಸ ಬಲ್ಲವರು. ಗಲ್ಫ್ ಆಸ್ಪತ್ರೆಗಳಲ್ಲಿ ಇಪ್ಪತ್ತು ವರ್ಷ ಯಂತ್ರ ರಿಪೇರಿ ಮಾಡಿ ಊರಿಗೆ ಮರಳಿದವರನ್ನು ಮರೆಯಬೇಡಿ. ಅವರ ಕೈಯಲ್ಲಿರುವ ಅನುಭವ ಯಾವ ಕಾಲೇಜಿನಲ್ಲೂ ಇಲ್ಲ. ಇವರೆಲ್ಲರಿಂದ ಹಣ ಕೇಳುವುದು ಬೇಡ. ತಿಂಗಳಿಗೆ ಎರಡು ಗಂಟೆ ಕೇಳೋಣ.

ಎರಡನೆಯದು ಒಂದು ನೋಟ್‌ಬುಕ್. ಅದರಲ್ಲಿ ಆಲೋಚನೆಗಳನ್ನಲ್ಲ, ಕೊರತೆಗಳನ್ನು ಬರೆಯಬೇಕು. ನಮ್ಮ ಹುಡುಗರು ಸಾಮಾನ್ಯವಾಗಿ ಆ್ಯಪ್ ಮೊದಲು ಮಾಡಿ, ಅದಕ್ಕೆ ರೋಗಿಯನ್ನು ಆಮೇಲೆ ಹುಡುಕುತ್ತಾರೆ. ಅದು ಉಲ್ಟಾ ಆಗಬೇಕು. ರಾತ್ರಿ ಪಾಳಿಯ ನರ್ಸ್, ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಳ್ಳುವ ಹೆಂಡತಿ, ಬಡ್ಸ್ ಶಾಲೆಗೆ ಮಗುವನ್ನು ಎತ್ತಿಕೊಂಡು ಹೋಗುವ ತಾಯಿ ಇವರು ಹೇಳಬೇಕು, ನಾವು ಬರೆದುಕೊಳ್ಳಬೇಕು. ನಾನು ಕೇಳಿದ ಕೆಲವು ಮಾತು ಹೀಗಿವೆ: "ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ಕೌಂಟರಿನವರು ಮಲಯಾಳ, ನಮ್ಮ ಅಜ್ಜಿಗೆ ತುಳು ಮತ್ತು ಕನ್ನಡ ಮಾತ್ರ." "ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ಸುಲಿನ್ ಎಲ್ಲಿಡುವುದು?" "ಗಾಲಿಕುರ್ಚಿ ಸಿಕ್ಕಿತು, ಆದರೆ ನಮ್ಮ ಮನೆ ಗುಡ್ಡದ ಮೇಲೆ." ಈ ಒಂದೊಂದು ಮಾತಿನ ಒಳಗೂ ಒಂದೊಂದು ಕಂಪನಿ ಇದೆ.

ಮೂರನೆಯದು ತಿಂಗಳಿಗೊಂದು ಸಭೆ. ಒಂದು ತಿಂಗಳು ಗಡಿಯ ಈ ಕಡೆ, ಮುಂದಿನ ತಿಂಗಳು ಆ ಕಡೆ. ಭಾಷಣ ಬೇಡ, ಶಾಲು ಹೊದಿಸುವುದು ಬೇಡ. ಇಬ್ಬರು ಅಥವಾ ಮೂವರು ತಮ್ಮ ಕೆಲಸ ಮೇಜಿನ ಮೇಲಿಡಲಿ. ನರ್ಸ್ ಅದನ್ನು ಕೈಯಲ್ಲಿ ಹಿಡಿದು "ಇದನ್ನು ಸ್ಪಿರಿಟ್‌ನಿಂದ ಒರೆಸಿದರೆ ಹಾಳಾಗುತ್ತದೆ" ಎನ್ನಲಿ. ಸಿಎ "ಕಂಪನಿ ಈಗಲೇ ಮಾಡಬೇಡ" ಎನ್ನಲಿ. ಮನೆಗೆ ಹೋಗುವಾಗ ಪ್ರತಿಯೊಬ್ಬರಿಗೂ ಮುಂದಿನ ತಿಂಗಳೊಳಗೆ ಮಾಡಬೇಕಾದ ಒಂದೇ ಒಂದು ಕೆಲಸ ಗೊತ್ತಿರಲಿ.

ನಾಲ್ಕನೆಯದು ಮೊದಲ ಗಿರಾಕಿ. ಎಸ್‌ವಿಪಿಯವರು, ವೃದ್ಧಾಶ್ರಮ ನಡೆಸುವ ಧರ್ಮಭಗಿನಿಯರು, ಊರಿನ ಸಣ್ಣ ಕ್ಲಿನಿಕ್‌ಗಳು ಇದ್ದಾರೆ. ರೋಗಿಯ ದೇಹಕ್ಕೆ ತಾಗದ, ಅಪಾಯವಿಲ್ಲದ ವಸ್ತುಗಳಿಂದ ಶುರು ಮಾಡಬಹುದು: ಎತ್ತರ ಬದಲಿಸಬಹುದಾದ ಕುರ್ಚಿ, ಕನ್ನಡದಲ್ಲಿ ಮಾತ್ರೆಯ ಹೊತ್ತು ಹೇಳುವ ಧ್ವನಿ ಸಂದೇಶ, ಆಂಬುಲೆನ್ಸ್ ಹಂಚಿಕೊಳ್ಳುವ ಪಟ್ಟಿ. ಐದು ಜನ ಕೊಂಡು ಬಳಸಿ "ಇದು ಚೆನ್ನಾಗಿದೆ, ಇದು ಚೆನ್ನಾಗಿಲ್ಲ" ಎಂದು ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ಪರವಾನಗಿ ಬೇಕಾದ ಯಂತ್ರಗಳಿಗೆ ಅಡ್ಡದಾರಿ ಇಲ್ಲ, ಇರಲೂಬಾರದು. ಆದರೆ ಸರಿಯಾದ ದಾರಿಯಲ್ಲಿ ಜೊತೆಗೆ ನಡೆಯಬಹುದು.

ಎಚ್ಚರ ಬೇಕಾದ ಕಡೆ

ಕಾಸರಗೋಡಿನವರಾಗಿ ನಾವು ಒಂದು ಮಾತನ್ನು ಮರೆಯುವಂತಿಲ್ಲ. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಅದೂ ಒಂದು ಕಾಲದಲ್ಲಿ ಹೊಸ ತಂತ್ರಜ್ಞಾನವೇ ಆಗಿತ್ತು. ಎಣ್ಮಕಜೆ, ಪಡ್ರೆ, ಸ್ವರ್ಗದ ಮನೆಗಳಲ್ಲಿ ಅದರ ಪರಿಣಾಮ ಇಂದಿಗೂ ಮಲಗಿದೆ. ಮೊದಲು ಅನುಮಾನಪಟ್ಟವರಲ್ಲಿ ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಇದ್ದರು. ಪತ್ರಕರ್ತ ಶ್ರೀಪಡ್ರೆ ಬರೆದರು. ಕೃಷಿ ಇಲಾಖೆಯ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು.

ಆ ಮನೆಗಳಿಗೆ ಎಷ್ಟೋ ಜನ ಬಂದರು. ಚಿತ್ರ ತೆಗೆದರು, ಪ್ರಶ್ನೆ ಕೇಳಿದರು, ಹೋದರು. ನಮ್ಮ ಬಳಗ ಹಾಗಾಗಬಾರದು. ರೋಗಿಯ ಹೆಸರು ನಮ್ಮ ನೋಟ್‌ಬುಕ್ಕಿನಲ್ಲಿ ಇರಬಾರದು. ಒಪ್ಪಿಗೆಯನ್ನು ಅವರ ಭಾಷೆಯಲ್ಲಿ, ಅರ್ಥವಾಗುವಂತೆ ಕೇಳಬೇಕು. ಬೇಡ ಎಂದರೆ ಮರುಮಾತಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ನಮ್ಮಂಥ ಊರಿನಲ್ಲಿ ಒಬ್ಬರ ಕಾಯಿಲೆಯ ಸುದ್ದಿ ಹೊರಬಿದ್ದರೆ ಮದುವೆ ಮಾತುಕತೆಯೂ ಮುರಿದುಬೀಳುತ್ತದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಇರುವುದು ಇದಕ್ಕಾಗಿಯೇ. ಕಾಯಿದೆ ಇಲ್ಲದಿದ್ದರೂ ಇದು ನಮ್ಮ ಮರ್ಯಾದೆಯ ಪ್ರಶ್ನೆ.

"ಇಗರ್ಜಿಯ ಕೆಲಸ ಇದಲ್ಲ, ವ್ಯಾಪಾರ ಹೊರಗಿರಲಿ" ಎಂದು ಕೆಲವರು ಹೇಳಬಹುದು. ಆ ಮಾತಿನಲ್ಲಿ ಸತ್ಯ ಇದೆ, ನಾನು ಒಪ್ಪುತ್ತೇನೆ. ಇಗರ್ಜಿಯ ಕಾಣಿಕೆ ಹಣ ಯಾರ ಕಂಪನಿಗೂ ಹೋಗಬಾರದು. ಬಳಗದ ಲೆಕ್ಕ ಬೇರೆ ಇರಲಿ, ಬೇರೆಯಾಗಿಯೇ ನೋಂದಣಿ ಆಗಲಿ. ಅದರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇರಲಿ, ಏಕೆಂದರೆ ವಾರ್ಡಿನಲ್ಲಿ ಎಲ್ಲರೂ ಇದ್ದಾರೆ. ಇಗರ್ಜಿ ಕೊಡಬೇಕಾದದ್ದು ಸಭಾಂಗಣದ ಬೀಗದ ಕೈ ಮತ್ತು ಜನರ ವಿಶ್ವಾಸ. ಮಾಳಿಗೆ ತೆಗೆದು ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಮುಂದೆ ಇಳಿಸಿದ ನಾಲ್ವರ ಕಥೆ ನಮಗೆಲ್ಲ ಗೊತ್ತು. ಬಾಗಿಲು ತುಂಬಿತ್ತು ಎಂದು ಅವರು ಮನೆಗೆ ಹಿಂದೆ ಹೋಗಲಿಲ್ಲ.

"ಸ್ಟಾರ್ಟ್‌ಅಪ್‌ಗಳು ಹೆಚ್ಚಿನವು ಮುಳುಗುತ್ತವೆ, ಮಕ್ಕಳ ಭವಿಷ್ಯ ಹಾಳು" ಎಂಬ ಅಪ್ಪ ಅಮ್ಮಂದಿರ ಹೆದರಿಕೆಯೂ ಸುಳ್ಳಲ್ಲ. ಆದ್ದರಿಂದಲೇ ಒಬ್ಬಂಟಿಯಾಗಿ ಬಿಡಬಾರದು ಎನ್ನುತ್ತೇನೆ. ಬಳಗ ಇದ್ದರೆ ಆಗದ ಕೆಲಸ ಆಗದು ಎಂದು ಆರು ತಿಂಗಳಲ್ಲೇ ಗೊತ್ತಾಗುತ್ತದೆ. ಮನೆಯ ಚಿನ್ನ ಅಡವಿಡುವ ಮೊದಲೇ "ಮಗಾ, ಇದನ್ನು ಬಿಡು, ಕೆಲಸಕ್ಕೆ ಹೋಗು" ಎಂದು ಪ್ರೀತಿಯಿಂದ ಹೇಳುವವರೂ ಬೇಕು. ಸೋತವನನ್ನು ಮುಂದಿನ ತಿಂಗಳ ಸಭೆಯಲ್ಲಿ ಕೂರಿಸಿ, ಏನಾಯಿತು ಎಂದು ಹೇಳಿಸುವುದೂ ಬಳಗದ ಕೆಲಸ.

ಎಲ್ಲರೂ ಊರಲ್ಲೇ ಉಳಿಯಿರಿ ಎಂದು ನಾನು ಹೇಳುತ್ತಿಲ್ಲ. ದೋಹಾ, ದುಬಾಯಿ, ಬೆಂಗಳೂರು ನಮ್ಮ ಮನೆಗಳ ಒಲೆ ಉರಿಸಿವೆ. ಆದರೆ ಹೋಗುವುದು ಬೇರೆ, ಬೇರೆ ದಾರಿ ಇಲ್ಲದೆ ಹೋಗುವುದು ಬೇರೆ. ದೂರ ಇರುವವರೂ ತಿಂಗಳಿಗೆ ಎರಡು ಗಂಟೆ ಫೋನಿನಲ್ಲಿ ಕೊಡಬಹುದು.

ಮುಂದಿನ ತಿಂಗಳ ಯುವಜನರ ಸಭೆಯಲ್ಲಿ ನಾನು ಈ ವಿಷಯ ಇಡುತ್ತೇನೆ. ಮೊದಲ ಪಟ್ಟಿಗೆ ನಮ್ಮ ಇಗರ್ಜಿಯಿಂದ ಹತ್ತು ಹೆಸರು ಸಿಕ್ಕರೆ ಸಾಕು. ಓದುತ್ತಿರುವ ನೀವು ನರ್ಸ್ ಆಗಿದ್ದರೆ, ನಿಮ್ಮ ಪಾಳಿಯಲ್ಲಿ ನಿಮ್ಮನ್ನು ದಿನಾ ಕಾಡುವ ಒಂದು ಕೊರತೆಯನ್ನು ಚೀಟಿಯಲ್ಲಿ ಬರೆದು ತನ್ನಿ. ಸಿಎ ಆಗಿದ್ದರೆ ನಿಮ್ಮ ಎರಡು ಗಂಟೆ ತನ್ನಿ. ಪಕ್ಕದ ಧರ್ಮಕೇಂದ್ರದವರು, ತಲಪಾಡಿಯ ಆಚೆಯವರು, ನೀವೂ ಬನ್ನಿ.

ನಾನು ಮಾತ್ರ ಆ ದಿನ ಬರಿಗೈಯಲ್ಲಿ ಬರುವುದಿಲ್ಲ. ದೋಹಾದಲ್ಲಿರುವ ಹುಡುಗನನ್ನು ಕೇಳಿದ್ದೇನೆ. ಅವನ ಅಮ್ಮ ಕಪಾಟಿನಿಂದ ಆ ಪೆಟ್ಟಿಗೆಯನ್ನು ತೆಗೆದುಕೊಡುತ್ತೇನೆ ಎಂದಿದ್ದಾರೆ. ಅದನ್ನು ಮೇಜಿನ ಮೇಲಿಟ್ಟು, ಇದು ಮೊದಲು ಎಲ್ಲಿಗೆ ಹೋಗಬೇಕು ಎಂದು ಎಲ್ಲರೂ ಸೇರಿ ನೋಡೋಣ.